‘ಬೊಡ್ಚಿ’ ಎಂಬ ಮಾತು ಕಡತಕ್ಕೆ ಸೇರಬೇಕಾದರೆ: ಕಾಸರಗೋಡಿನಲ್ಲಿ ಬೌದ್ಧಿಕ ವೈಕಲ್ಯ ಇರುವವರ ಹಕ್ಕಿಗಾಗಿ ಕೆಲಸ ಮಾಡುವ ಬಗೆ

ನನ್ನ ತಮ್ಮನಿಗೆ ಬೌದ್ಧಿಕ ವೈಕಲ್ಯ ಇದೆ. ಬೇಡವಾದದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳುತ್ತಾನೆ: ‘ಬೊಡ್ಚಿ’. ನಮ್ಮ ಮನೆಮಾತು ತುಳು, ನಾವು ಕಲಿತ ಶಾಲೆಯ ಭಾಷೆ ಕನ್ನಡ, ನಮ್ಮ ಅರ್ಜಿಗಳು ಹೋಗಿ ಕೂರುವ ಕಚೇರಿಗಳ ಭಾಷೆ ಮಲಯಾಳ. ಹಲವು ವರ್ಷಗಳ ಹಿಂದೆ ಅವನನ್ನು ವೈಕಲ್ಯದ ಪ್ರಮಾಣಪತ್ರಕ್ಕೆಂದು ಕರೆದುಕೊಂಡು ಹೋದಾಗ ಅಲ್ಲಿದ್ದವರು ಮಲಯಾಳದಲ್ಲಿ ಬಣ್ಣದ ಹೆಸರು ಕೇಳಿದರು. ಅವನು ಸುಮ್ಮನೆ ಕುಳಿತ. ಅಮ್ಮ ಅದೇ ಪ್ರಶ್ನೆಯನ್ನು ತುಳುವಿನಲ್ಲಿ ಹೇಳಲು ಹೊರಟಾಗ, ಮನೆಯವರು ನಡುವೆ ಬಾಯಿ ಹಾಕಬಾರದೆಂದು ತಡೆದರು. ಅಂಗಳದಲ್ಲಿ ಕುಳಿತು ಹಣ್ಣಡಕೆಯನ್ನೂ ಕಾಯಡಕೆಯನ್ನೂ ಒಂದೂ ತಪ್ಪದಂತೆ ಎರಡು ರಾಶಿ ಮಾಡುವವನಿಗೆ ಬಣ್ಣ ಗುರುತಿಸಲು ಬರುವುದಿಲ್ಲವೆಂದು ಅಂದು ದಾಖಲಾಯಿತು. ಪ್ರಮಾಣಪತ್ರದಲ್ಲಿ ಶೇಕಡಾವಾರು ಹೆಚ್ಚು ಬಂದದ್ದರಿಂದ ಆಗ ನಾವು ದೂರು ಕೊಡಲಿಲ್ಲ, ಪಿಂಚಣಿಗೆ ಅನುಕೂಲವೆಂದು ಸಮಾಧಾನಪಟ್ಟೆವು. ಮುಂದೆ ಅವನನ್ನು ಒಂದು ವೃತ್ತಿ ತರಬೇತಿಗೆ ಸೇರಿಸಲು ಹೋದಾಗ, ಅದೇ ಕಾಗದವನ್ನು ತೋರಿಸಿ, ಇಷ್ಟು ತೀವ್ರವಾದ ವೈಕಲ್ಯ ಇರುವವರನ್ನು ತೆಗೆದುಕೊಳ್ಳಲಾಗದು ಎಂದರು.

ಬೌದ್ಧಿಕ ಅಥವಾ ಬೆಳವಣಿಗೆಯ ವೈಕಲ್ಯ ಇರುವ ತಂಗಿ, ತಮ್ಮ, ಮಗ, ಮಗಳು ಅಥವಾ ನೆರೆಯವರೊಬ್ಬರ ಪರವಾಗಿ ಕಚೇರಿ, ಶಾಲೆ, ಪಂಚಾಯತು, ಪೊಲೀಸ್ ಠಾಣೆಗಳ ಮೆಟ್ಟಿಲು ಹತ್ತಬೇಕಾದವರಿಗಾಗಿ ಈ ಬರಹವನ್ನು ಬರೆದಿದ್ದೇನೆ. ಕಾನೂನು ಇಡೀ ದೇಶಕ್ಕೆ ಒಂದೇ. ಆದರೆ ಕಾಸರಗೋಡಿನ ಗಡಿಯಲ್ಲಿ ಬದುಕುವವರಿಗೆ ಭಾಷೆಯ ಪ್ರಶ್ನೆ ಆ ಕಾನೂನಿನ ಪ್ರತಿಯೊಂದು ಬಾಗಿಲಲ್ಲೂ ಎದುರಾಗುತ್ತದೆ, ಮತ್ತು ಅದನ್ನು ಮೊದಲೇ ಎತ್ತದೆ ಹೋದರೆ ಮುಂದಿನ ಕೆಲಸಗಳೆಲ್ಲ ಓರೆಯಾಗಿ ಸಾಗುತ್ತವೆ ಎಂಬುದು ನನ್ನ ಅನುಭವ.

ಮೊದಲು ಅವರನ್ನೇ ಕೇಳುವುದು

ಪರವಾಗಿ ಮಾತಾಡುವವರು ಮಾಡುವ ಮೊದಲ ತಪ್ಪು ಎಂದರೆ, ಯಾರ ಪರವಾಗಿ ಮಾತಾಡುತ್ತಿದ್ದೇವೋ ಅವರನ್ನು ಕೇಳದೆ ಹೊರಡುವುದು. ಆ ತಪ್ಪನ್ನು ನಾನೂ ಮಾಡಿದ್ದೇನೆ. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯೂ, ಅದಕ್ಕೆ ಅನುಗುಣವಾಗಿ ಬಂದು 2017ರ ಏಪ್ರಿಲ್ 19ರಂದು ಜಾರಿಯಾದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ವೈಕಲ್ಯ ಇರುವವರನ್ನು ಕಾನೂನಿನ ಮುಂದೆ ಉಳಿದವರಿಗೆ ಸಮಾನರೆಂದೇ ಕಾಣುತ್ತವೆ. ತೀರ್ಮಾನ ತೆಗೆದುಕೊಳ್ಳಲು ಅವರಿಗೆ ನೆರವು ಬೇಕಾಗಬಹುದು, ಆದರೆ ತೀರ್ಮಾನ ಅವರದೇ.

ಕೇಳುವುದಕ್ಕೆ ಒಂದು ಕ್ರಮವಿದೆ. ‘ನಿನಗೆ ಎಲ್ಲಿ ಹೋಗಬೇಕು?’ ಎಂಬ ತೆರೆದ ಪ್ರಶ್ನೆಗೆ ಉತ್ತರಿಸುವುದು ಹಲವರಿಗೆ ಕಷ್ಟ. ಅದರ ಬದಲು ಎರಡು ಚಿತ್ರಗಳನ್ನೋ ಎರಡು ವಸ್ತುಗಳನ್ನೋ ಮುಂದಿಟ್ಟು ಕೇಳಬಹುದು: ಬಡ್ಸ್ ಶಾಲೆಯ (ಬೌದ್ಧಿಕ ವೈಕಲ್ಯ ಇರುವವರಿಗಾಗಿ ಕೇರಳದಲ್ಲಿರುವ ವಿಶೇಷ ಶಾಲೆ) ಬಾಗಿಲಿನ ಒಂದು ಫೋಟೊ, ಮನೆಯ ಒಂದು ಫೋಟೊ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ, ಚಿತ್ರಗಳ ಎಡಬಲ ಬದಲಾಯಿಸಿ ಕೇಳಬೇಕು, ಏಕೆಂದರೆ ಕೆಲವರು ಯಾವಾಗಲೂ ಬಲಬದಿಯದನ್ನೇ ಮುಟ್ಟುತ್ತಾರೆ, ಇನ್ನು ಕೆಲವರು ಕೊನೆಯಲ್ಲಿ ಕೇಳಿದ ಮಾತನ್ನೇ ಮರುನುಡಿಯುತ್ತಾರೆ. ‘ಹೌದಲ್ವಾ?’ ಎಂದು ಮುಗಿಯುವ ಪ್ರಶ್ನೆಯನ್ನು ಬಿಡಬೇಕು. ಪ್ರೀತಿಯಿಂದ ಸಾಕಿದವರಿಗೆ ಬೇಸರವಾಗದಿರಲಿ ಎಂದು ಅದಕ್ಕೆ ಹೌದೆನ್ನುವವರೇ ಹೆಚ್ಚು. ಮಾತು ಬಾರದವರು ಮುಖ ತಿರುಗಿಸುವುದು, ಕೈ ಕಚ್ಚಿಕೊಳ್ಳುವುದು, ಒಬ್ಬ ವ್ಯಕ್ತಿ ಬಂದಾಗ ಮಾತ್ರ ಊಟ ಬಿಡುವುದು ಕೂಡ ಉತ್ತರವೇ. ಇವನ್ನೆಲ್ಲ ದಿನಾಂಕ ಹಾಕಿ ಒಂದು ನೋಟು ಪುಸ್ತಕದಲ್ಲಿ ಬರೆದಿಡಿ, ಅವರು ಬಳಸಿದ ಪದವನ್ನೇ ಬರೆಯಿರಿ. ಅವರು ‘ಬೊಡ್ಚಿ’ ಎಂದಿದ್ದರೆ ಅದನ್ನು ‘ನಿರಾಕರಿಸಿದರು’ ಎಂದು ತಿದ್ದಬೇಡಿ.

ತಮ್ಮನು ಬಡ್ಸ್ ಶಾಲೆಗೆ ಹೋಗಲು ಒಪ್ಪದೆ ಹಟ ಮಾಡುತ್ತಿದ್ದಾಗ, ಶಾಲೆಯೇ ಅವನಿಗೆ ಇಷ್ಟವಿಲ್ಲವೆಂದು ನಾವೆಲ್ಲ ತಿಳಿದಿದ್ದೆವು. ಮೂರು ವಾರ ಬರೆದಿಟ್ಟ ಮೇಲೆ ತಿಳಿದದ್ದೇನೆಂದರೆ, ಅವನಿಗೆ ಬೇಡವಾಗಿದ್ದದ್ದು ಕರೆದೊಯ್ಯುವ ವಾಹನದ ಹಾರ್ನ್. ಅವನ ಆ ಒಂದು ಮಾತು ಸರಿಯಾಗಿ ಅರ್ಥವಾದಾಗ ನಮ್ಮ ಬೇಡಿಕೆಯೇ ಬದಲಾಯಿತು, ಅದು ಚಾಲಕರೊಡನೆ ಮಾತಾಡಿ ಮುಗಿಯುವಷ್ಟು ಸಣ್ಣದಾಯಿತು.

ಹೆಸರು ಸರಿಯಾಗಿರಲಿ

2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ಬೌದ್ಧಿಕ ವೈಕಲ್ಯ, ಆಟಿಸಂ, ನಿರ್ದಿಷ್ಟ ಕಲಿಕಾ ವೈಕಲ್ಯ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಇವು ಬೇರೆ ಬೇರೆ. ಮಾನಸಿಕ ಕಾಯಿಲೆ ಮತ್ತೂ ಬೇರೆ. ಅರ್ಜಿ ತುಂಬಿಸುವ ಗಡಿಬಿಡಿಯಲ್ಲಿ ಬೌದ್ಧಿಕ ವೈಕಲ್ಯ ಇರುವವರನ್ನು ಮಾನಸಿಕ ಕಾಯಿಲೆಯ ಸಾಲಿಗೆ ಸೇರಿಸುವ ತಪ್ಪು ನಡೆಯಬಹುದು, ಅದು ಮುಂದೆ ಪ್ರತಿ ಕಾಗದದಲ್ಲೂ ನಕಲಾಗುತ್ತ ಹೋಗುತ್ತದೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಮತ್ತು ಅದರದ್ದೇ ಆದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ, ಬೌದ್ಧಿಕ ವೈಕಲ್ಯವನ್ನು ಆ ಕಾಯ್ದೆ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇಬ್ಬರಿಗೂ ಹಕ್ಕುಗಳಿವೆ, ಆದರೆ ಬಾಗಿಲು ಬೇರೆ. ‘ಬುದ್ಧಿಮಾಂದ್ಯ’ ಎಂಬ ಹಳೆಯ ಪದ ಇನ್ನೂ ಹಲವು ನಮೂನೆಗಳಲ್ಲಿ ಉಳಿದಿದೆ; ನಮೂನೆಯಲ್ಲಿ ಏನೇ ಇರಲಿ, ನೀವು ಬರೆಯುವ ಅರ್ಜಿಯಲ್ಲಿ ‘ಬೌದ್ಧಿಕ ವೈಕಲ್ಯ ಇರುವ ವ್ಯಕ್ತಿ’ ಎಂದೇ ಬರೆಯಿರಿ.

ಪ್ರಮಾಣಪತ್ರದ ದಿನ

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಎಂದು ಪ್ರಮಾಣೀಕರಿಸಲ್ಪಟ್ಟವರಿಗೆ ಕಾಯ್ದೆಯ ಮುಖ್ಯ ಸವಲತ್ತುಗಳು ದೊರೆಯುತ್ತವೆ, ಆದ್ದರಿಂದ ಯುಡಿಐಡಿ ಕಾರ್ಡು, ಅಂದರೆ ವೈಕಲ್ಯ ಇರುವವರ ವಿಶಿಷ್ಟ ಗುರುತಿನ ಚೀಟಿ, ಮತ್ತು ಪ್ರಮಾಣಪತ್ರ ಬೇಕೇಬೇಕು. ಅರ್ಜಿ ಆನ್‌ಲೈನಿನಲ್ಲಿ, ಕೇರಳದ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಚಿಕಿತ್ಸೆಗೆ ನಾವು ಮಂಗಳೂರಿಗೆ ಹೋಗುವವರಾದರೂ ಪ್ರಮಾಣಪತ್ರಕ್ಕೆ ವಾಸವಿರುವ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು. ಒಮ್ಮೆ ಸಿಕ್ಕ ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ, ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ಅದೇ ಕಾಗದ ಸಾಕು.

ಬೌದ್ಧಿಕ ವೈಕಲ್ಯವನ್ನು ಅಳೆಯುವಾಗ ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ದಿನನಿತ್ಯದ ಬದುಕಿನ ಸಾಮರ್ಥ್ಯವನ್ನೂ ನೋಡುತ್ತಾರೆ. ಉಣ್ಣುವುದು, ಉಡುವುದು, ಹಣ ಗುರುತಿಸುವುದು, ಒಬ್ಬರೇ ಅಂಗಡಿಗೆ ಹೋಗಿ ಬರುವುದು ಇಂಥವನ್ನು ಮನೆಯವರಲ್ಲಿ ವಿಚಾರಿಸುತ್ತಾರೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದನೆಯದು, ಹೆಚ್ಚು ಶೇಕಡಾ ಸಿಗಲೆಂದು ಮಗುವಿಗೆ ಬರುವುದನ್ನೂ ಬಾರದೆಂದು ಹೇಳುವ ಆಸೆ ಬಡತನದಲ್ಲಿ ಸಹಜ, ಆದರೆ ಆ ಕಾಗದವೇ ಮುಂದೆ ಅವನ ದಾರಿಗೆ ಅಡ್ಡವಾಗಬಲ್ಲದು ಎಂಬುದನ್ನು ನಮ್ಮ ಮನೆ ಕಂಡಿದೆ. ಎರಡನೆಯದು ಭಾಷೆ. ತುಳು, ಕನ್ನಡ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಮಾತಾಡುವ ಮನೆಯ ಮಗುವನ್ನು ಮಲಯಾಳದಲ್ಲಿ ಪರೀಕ್ಷಿಸಿದರೆ ಅಳೆದಂತಾಗುವುದು ಅದರ ಮಲಯಾಳವನ್ನು. ಪರೀಕ್ಷೆಯ ದಿನಕ್ಕಿಂತ ಮೊದಲೇ ಒಂದು ಕಾಗದ ಬರೆದು ಕೊಟ್ಟಿರಿ, ಸ್ವೀಕೃತಿ ಪಡೆಯಿರಿ. ನಾನು ಈಗ ಬೇರೆ ಮನೆಯವರಿಗೆ ಬರೆದುಕೊಡುವ ಒಕ್ಕಣೆ ಹೀಗಿದೆ:

‘ನನ್ನ ಮಗಳ ಮನೆಮಾತು ತುಳು. ಅವಳಿಗೆ ಮಲಯಾಳ ತಿಳಿಯುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 3ನೆಯ ಸೆಕ್ಷನ್ ಪ್ರಕಾರ ಆಕೆಗೆ ಸೂಕ್ತ ಹೊಂದಾಣಿಕೆಯಾಗಿ, ಪರೀಕ್ಷೆಯನ್ನು ತುಳು ಅಥವಾ ಕನ್ನಡ ಬಲ್ಲವರು ನಡೆಸಬೇಕೆಂದೂ, ಅದು ಸಾಧ್ಯವಾಗದಿದ್ದಲ್ಲಿ ಪ್ರಶ್ನೆಗಳನ್ನು ತಿಳಿಸಲು ಕುಟುಂಬದವರಲ್ಲದ ಒಬ್ಬರನ್ನು ಒದಗಿಸಬೇಕೆಂದೂ, ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತೆಂಬುದನ್ನು ವರದಿಯಲ್ಲಿ ನಮೂದಿಸಬೇಕೆಂದೂ ಕೋರುತ್ತೇನೆ.’

ಕೊನೆಯ ಕೋರಿಕೆಯನ್ನು ಬಿಡಬೇಡಿ. ಭಾಷೆ ವರದಿಯಲ್ಲಿ ದಾಖಲಾಗಿದ್ದರೆ ಮೇಲ್ಮನವಿಯ ದಿನ ಅದೇ ನಿಮ್ಮ ಆಧಾರ. ಪ್ರಮಾಣಪತ್ರದ ತೀರ್ಮಾನ ಸರಿಯಲ್ಲವೆಂದು ಕಂಡರೆ 59ನೆಯ ಸೆಕ್ಷನ್ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು, ಇದು ಹಲವರಿಗೆ ಗೊತ್ತೇ ಇಲ್ಲ.

ಅರ್ಜಿ ಬರೆಯುವುದು

ನಮ್ಮ ಊರಿನ ಅರ್ಜಿಗಳನ್ನು ಓದಿದರೆ ಹೆಚ್ಚಿನವು ಕಷ್ಟದ ಕಥೆಗಳು: ತಂದೆ ಕೂಲಿ, ತಾಯಿಗೆ ಕಾಯಿಲೆ, ದಯವಿಟ್ಟು ಕೃಪೆ ತೋರಬೇಕು. ಕಷ್ಟ ನಿಜವೇ, ಅದನ್ನು ಬರೆದರೆ ತಪ್ಪಿಲ್ಲ. ಆದರೆ ಕೃಪೆ ಕೇಳಿದ ಅರ್ಜಿಗೆ ಉತ್ತರಿಸಲೇಬೇಕೆಂದು ಕಚೇರಿಗೆ ಅನಿಸುವುದಿಲ್ಲ. ಯಾವ ಸೌಲಭ್ಯ, ಯಾವ ಸೆಕ್ಷನ್, ಯಾವ ದಿನಾಂಕದೊಳಗೆ ಎಂಬ ಮೂರೂ ಇರುವ ಅರ್ಜಿಯನ್ನು ಸುಮ್ಮನೆ ಬದಿಗಿಡುವುದು ಕಷ್ಟ. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ ಇರಲಿ. ಪಿಂಚಣಿ, ಗಾಲಿಕುರ್ಚಿ, ಶಾಲೆಯ ದಾರಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಆ ಹಾಳೆ ಮೂರು ಮೇಜುಗಳ ನಡುವೆ ಅಲೆಯುತ್ತದೆ. ನಕಲು ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಪಡೆಯದೆ ಹೊರಬರಬೇಡಿ.

ಯಾವ ಭಾಷೆಯಲ್ಲಿ ಬರೆಯಬೇಕು? ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಪರಿಹಾರಕ್ಕಾಗಿ ಯಾವುದೇ ಅಧಿಕಾರಿಗೆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದ್ದರಿಂದ ಕನ್ನಡದಲ್ಲಿ ಬರೆದಿದೆ ಎಂಬ ಕಾರಣಕ್ಕೆ ಮನವಿಯನ್ನು ಹಿಂದಿರುಗಿಸಲು ಬರುವುದಿಲ್ಲ. ಹೀಗಿದ್ದರೂ, ಕೆಲಸ ಬೇಗ ಆಗಬೇಕಾದಾಗ ಕನ್ನಡದ ಮೂಲದೊಡನೆ ಮಲಯಾಳ ಅನುವಾದವೊಂದನ್ನು ಲಗತ್ತಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಭಾಷೆಯ ಹಕ್ಕಿಗಾಗಿ ಹೋರಾಡುವ ಹಿರಿಯರೊಬ್ಬರು ಇದನ್ನು ಶರಣಾಗತಿ ಎಂದು ಆಕ್ಷೇಪಿಸಿದ್ದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಗಾಲಿಕುರ್ಚಿಗಾಗಿ ಕಾಯುತ್ತಿರುವ ಮಗುವಿನ ತಿಂಗಳುಗಳನ್ನು ನನ್ನ ಭಾಷಾಭಿಮಾನಕ್ಕೆ ಒತ್ತೆಯಿಡಲು ನನಗೆ ಮನಸ್ಸಾಗಲಿಲ್ಲ. ಮೂಲ ಕನ್ನಡದಲ್ಲಿರಲಿ, ಉತ್ತರವನ್ನು ಕನ್ನಡದಲ್ಲಿ ಕೊಡಬೇಕೆಂದು ಅದರಲ್ಲೇ ಕೇಳಿರಿ. ಅನುವಾದ ಕೇವಲ ಜೊತೆಗಿರಲಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಕೇರಳದಲ್ಲಿ ಅದನ್ನು ಕೋರ್ಟ್ ಫೀ ಸ್ಟಾಂಪಿನ ರೂಪದಲ್ಲೂ ಕೊಡಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ‘ನನ್ನ ಅರ್ಜಿ ಏನಾಯಿತು?’ ಎಂದು ಕೇಳುವ ಬದಲು, ‘ಇಂಥ ದಿನಾಂಕದ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿರಿ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತೆಂಬುದು ಆ ಹಾಳೆಗಳಲ್ಲಿ ಕಾಣುತ್ತದೆ.

ಪ್ರತಿ ಸರ್ಕಾರಿ ಸಂಸ್ಥೆಯೂ 2016ರ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ ಕುಂದುಕೊರತೆ ನಿವಾರಣಾಧಿಕಾರಿಯೊಬ್ಬರನ್ನು ನೇಮಿಸಬೇಕು. ಅದರಿಂದಲೂ ಆಗದಿದ್ದರೆ ತಿರುವನಂತಪುರದಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಬಹುದು. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ, ಸಾಕ್ಷಿಗಳನ್ನು ಕರೆಸಬಲ್ಲರು, ದಾಖಲೆ ತರಿಸಬಲ್ಲರು. ಅವರು ಒಂದು ಇಲಾಖೆಗೆ ಶಿಫಾರಸು ಮಾಡಿದರೆ ಆ ಇಲಾಖೆ ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ತಿಳಿಸಬೇಕು. ವಕೀಲರ ಅಗತ್ಯ ಬಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿರಿ, 15100 ಸಂಖ್ಯೆಗೆ ಕರೆ ಮಾಡಿದರೂ ಆದೀತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ವೈಕಲ್ಯ ಇರುವವರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ, ಅದಕ್ಕೆ ಆದಾಯದ ಮಿತಿ ಅಡ್ಡಬರುವುದಿಲ್ಲ.

ಎಂಡೋಸಲ್ಫಾನ್ ಪಟ್ಟಿ ಮತ್ತು ಹಕ್ಕು

ಕಾಸರಗೋಡಿನಲ್ಲಿ ಈ ವಿಷಯ ಮಾತಾಡುವಾಗ ಎಂಡೋಸಲ್ಫಾನನ್ನು ಬಿಟ್ಟು ಮಾತಾಡಲಾಗದು. ಸರ್ಕಾರಿ ಸ್ವಾಮ್ಯದ ನಿಗಮದ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ, 2000ನೆಯ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಪ್ರದೇಶದ ಮನೆಮನೆಗಳಲ್ಲಿ ಕಾಣುತ್ತಿದ್ದ ಕಾಯಿಲೆಗಳ ಬಗ್ಗೆ ಅಲ್ಲಿನ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್ ಅವರೂ ಪತ್ರಕರ್ತರಾದ ಶ್ರೀಪಡ್ರೆ ಅವರೂ ಹೊರಗಿನ ಜಗತ್ತಿಗೆ ತಿಳಿಸಿದರು. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿದಂತೆ 11 ಪಂಚಾಯತುಗಳು ಮುಖ್ಯವಾಗಿ ಬಾಧಿತವೆಂದು ಗುರುತಿಸಲ್ಪಟ್ಟವು. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಅದು ಪಾಲನೆಯಾಗದೆ ಸಂತ್ರಸ್ತರು ಮತ್ತೆ ಅದೇ ನ್ಯಾಯಾಲಯಕ್ಕೆ ಹೋಗಬೇಕಾಯಿತು, 2022ರಲ್ಲಿ ನ್ಯಾಯಾಲಯ ಸರ್ಕಾರದ ವಿಳಂಬವನ್ನು ಕಟುವಾಗಿ ಟೀಕಿಸಿತು.

ಇಷ್ಟು ದೊಡ್ಡ ಅನ್ಯಾಯದ ನೆರಳಿನಲ್ಲಿ ಒಂದು ಗೊಂದಲ ಬೆಳೆದಿದೆ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ಏನೂ ಸಿಗುವುದಿಲ್ಲವೆಂದು ತಿಳಿದು ಸುಮ್ಮನಾದ ಮನೆಗಳನ್ನು ನಾನು ಕಂಡಿದ್ದೇನೆ. ಪಟ್ಟಿ ಪರಿಹಾರಕ್ಕೆ ಸಂಬಂಧಿಸಿದ್ದು: ವಿಷದಿಂದಾದ ಹಾನಿಗೆ ಅದನ್ನು ಸುರಿದವರು ಕೊಡಬೇಕಾದ ಬೆಲೆ. ಶಾಲೆ, ಪಿಂಚಣಿ, ಮೀಸಲಾತಿ, ಉಚಿತ ಕಾನೂನು ನೆರವು ಇವುಗಳಿಗೆ ವೈಕಲ್ಯ ಯಾವ ಕಾರಣದಿಂದ ಬಂತೆಂದು ಕಾಯ್ದೆ ಕೇಳುವುದೇ ಇಲ್ಲ. ಪಟ್ಟಿಗೆ ಸೇರಲು ಹೋರಾಡುತ್ತಿರುವವರು ಹೋರಾಡಲಿ, ಅದು ನ್ಯಾಯ. ಆ ಹೋರಾಟ ಮುಗಿಯುವವರೆಗೆ ಮಗುವಿನ ಉಳಿದ ಅರ್ಜಿಗಳನ್ನು ಕಾಯಿಸಬೇಡಿ.

ಶಾಲೆ

6ರಿಂದ 18 ವರ್ಷದೊಳಗಿನ, ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಾಗಲಿ, ಬೇಕಿದ್ದರೆ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ, ಆಯ್ಕೆ ಮಗುವಿನದು. ಇದು 2016ರ ಕಾಯ್ದೆಯ 31ನೆಯ ಸೆಕ್ಷನ್. ಪಂಚಾಯತು ಮತ್ತು ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀ ಸೇರಿ ನಡೆಸುವ ಬಡ್ಸ್ ಶಾಲೆಗಳು ಕೇರಳದ ಒಳ್ಳೆಯ ಕೊಡುಗೆ, ನನ್ನ ತಮ್ಮನಿಗೆ ಅಲ್ಲಿ ಗೆಳೆಯರು ಸಿಕ್ಕಿದ್ದಾರೆ. ಆದರೆ ‘ಹತ್ತಿರದಲ್ಲೇ ಬಡ್ಸ್ ಇದೆಯಲ್ಲ’ ಎಂದು ಹೇಳಿ ಸಾಮಾನ್ಯ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ಬಾಯಿಮಾತಿನ ನಿರಾಕರಣೆಯನ್ನು ಒಪ್ಪಿಕೊಳ್ಳದೆ, ಸೇರಿಸಿಕೊಳ್ಳಲಾಗದ ಕಾರಣವನ್ನು ಬರೆದುಕೊಡಿ ಎಂದು ವಿನಯದಿಂದ ಕೇಳಿರಿ. ಹೆಚ್ಚಿನ ಸಲ ಅಲ್ಲಿಗೇ ದಾರಿ ತೆರೆಯುತ್ತದೆ.

ಕನ್ನಡ ಮಾಧ್ಯಮದ ಮಗುವಿಗೆ ಕನ್ನಡ ಬಲ್ಲ ವಿಶೇಷ ಶಿಕ್ಷಕರು ಬೇಕೆಂಬುದನ್ನು ಪ್ರತ್ಯೇಕ ಬೇಡಿಕೆಯಾಗಿ ಬರೆಯಬೇಕು. ಮಾತು ತಡವಾಗಿ ಬರುತ್ತಿರುವ ಮಗುವಿಗೆ ಮನೆಯಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು, ವಾಕ್ ತರಬೇತಿಯಲ್ಲಿ ಮತ್ತೊಂದು ಭಾಷೆ ಸಿಕ್ಕಿದರೆ, ಕಲಿತ ಒಂದು ಪದವನ್ನು ಬಳಸಲು ಅದಕ್ಕೆ ಎಲ್ಲೂ ಜಾಗ ಉಳಿಯುವುದಿಲ್ಲ. ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಬರೆಯುವಾಗ ಆ ವ್ಯಾಪ್ತಿಯಲ್ಲಿ ಇಂಥ ಮಕ್ಕಳು ಎಷ್ಟು ಜನ ಎಂಬ ಲೆಕ್ಕವನ್ನು ನಾಲ್ಕಾರು ಮನೆಯವರು ಸೇರಿ ಕೊಟ್ಟರೆ ಒಬ್ಬರ ಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಹದಿನೆಂಟು ತುಂಬಿದಾಗ

ತಂದೆತಾಯಿ ಮಗುವಿನ ಸಹಜ ಪೋಷಕರಾಗಿರುವುದು ಅದಕ್ಕೆ 18 ತುಂಬುವವರೆಗೆ ಮಾತ್ರ. ಅನಂತರ ಬ್ಯಾಂಕಿನಲ್ಲೋ ನೋಂದಣಿ ಕಚೇರಿಯಲ್ಲೋ ‘ಕಾನೂನುಬದ್ಧ ಪೋಷಕರ ಪತ್ರ ತನ್ನಿ’ ಎಂಬ ಮಾತು ಎದುರಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ವೈಕಲ್ಯ ಇರುವ ಒಬ್ಬರು ಅದರ ಸದಸ್ಯರು. ಆ ಸಮಿತಿ ಕೊಡುವ ಪತ್ರವನ್ನು ಬ್ಯಾಂಕುಗಳು ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಇದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ, ಅದಕ್ಕೆ ಮುಂಚಿನ ವೈದ್ಯಕೀಯ ತಪಾಸಣೆ ಬೇಕಿಲ್ಲ.

ಇಲ್ಲಿ ನನ್ನ ಒಂದು ಅಭಿಪ್ರಾಯವನ್ನು ಒತ್ತಿ ಹೇಳಬೇಕಾಗಿದೆ. ಬ್ಯಾಂಕಿನವರು ಕೇಳಿದರೆಂಬ ಒಂದೇ ಕಾರಣಕ್ಕೆ ಪೋಷಕತ್ವಕ್ಕೆ ಓಡಬೇಡಿ. ಈ ವ್ಯಕ್ತಿಗೆ ಪೋಷಕರು ನಿಜವಾಗಿ ಬೇಕೇ, ಬೇಕಾದರೆ ಯಾವ ಕೆಲಸಗಳಿಗೆ ಎಂಬ ಎರಡು ಪ್ರಶ್ನೆಗಳನ್ನು ಸಮಿತಿ ಪರಿಶೀಲಿಸಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದೇ ಎರಡು ಪ್ರಶ್ನೆಗಳನ್ನು ಮನೆಯಲ್ಲಿ ಮೊದಲು ಕೇಳಿಕೊಳ್ಳಿ. 2016ರ ಕಾಯ್ದೆಯ 14ನೆಯ ಸೆಕ್ಷನ್ ಕಲ್ಪಿಸುವುದು ಸೀಮಿತ ಪೋಷಕತ್ವವನ್ನು, ಅಂದರೆ ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಅವರೊಡನೆ ಸಮಾಲೋಚಿಸಿ ನಡೆಯುವ ವ್ಯವಸ್ಥೆಯನ್ನು. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು ಸಮಿತಿಗೆ ಒಪ್ಪಿಸಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ತೋಟ ಪಾಲಾಗುವಾಗ ತಮ್ಮನ ಪಾಲನ್ನು ‘ನಾವೇ ನೋಡಿಕೊಳ್ಳುತ್ತೇವಲ್ಲ’ ಎಂದು ಅಣ್ಣಂದಿರ ಹೆಸರಿಗೆ ಬರೆಯಿಸುವ ಮನೆಗಳಲ್ಲಿ ಈ ನಿಯಮವನ್ನು ಓದಿ ಹೇಳಬೇಕಾದವರು ನೆರೆಯವರೇ. ಪೋಷಕರು ದುರುಪಯೋಗ ಮಾಡಿದರೆ ಅವರನ್ನು ತೆಗೆದುಹಾಕಲು ತಂದೆತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ಅರ್ಜಿ ಕೊಡಬಹುದು.

ವಿಚಾರಣೆಗೆ ಆ ವ್ಯಕ್ತಿಯನ್ನೇ ಕರೆದುಕೊಂಡು ಹೋಗಿ. ಅವರ ನೋಟು ಪುಸ್ತಕವನ್ನೂ ಒಯ್ಯಿರಿ.

ಹಿಂಸೆ ನಡೆದಾಗ

ಇದು ಬರೆಯಲು ಕಷ್ಟವಾದ ಭಾಗ, ಬರೆಯದೆ ಬಿಡುವಂತಿಲ್ಲ. ವೈಕಲ್ಯ ಇರುವ ಮಕ್ಕಳ ಮೇಲೆ ದೌರ್ಜನ್ಯ ನಡೆದಾಗ ‘ಅವಳು ಹೇಳಿದ್ದನ್ನು ಯಾರು ನಂಬುತ್ತಾರೆ’ ಎಂಬ ಮಾತು ಮನೆಯೊಳಗೇ ಹುಟ್ಟುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು 18ರೊಳಗಿನದಾದರೆ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ತಿಳಿದವರು ವರದಿ ಮಾಡುವುದು ಕಡ್ಡಾಯ. ಆ ಕಾಯ್ದೆಯಲ್ಲಿ ವಯಸ್ಸೆಂದರೆ ಹುಟ್ಟಿದ ದಿನದಿಂದ ಎಣಿಸಿದ ವಯಸ್ಸೇ ಹೊರತು ‘ಮಾನಸಿಕ ವಯಸ್ಸು’ ಅಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಾಗೆಂದು ವಯಸ್ಕ ಮಹಿಳೆಗೆ ರಕ್ಷಣೆ ಇಲ್ಲವೆಂದಲ್ಲ. ಮಾನಸಿಕ ಅಥವಾ ದೈಹಿಕ ವೈಕಲ್ಯ ಇರುವ ಮಹಿಳೆಯ ಮೇಲೆ ಲೈಂಗಿಕ ಅಪರಾಧ ನಡೆದಾಗ ಪೊಲೀಸರು ಆಕೆಯ ಮನೆಯಲ್ಲೋ ಆಕೆಗೆ ಅನುಕೂಲವಾದ ಜಾಗದಲ್ಲೋ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು, ಅದರ ವಿಡಿಯೊ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಇದನ್ನು ಹೇಳುತ್ತದೆ. ಅಲ್ಲಿ ಕೇಳಲೇಬೇಕಾದದ್ದು: ದುಭಾಷಿಗೆ ಈಕೆಯ ಮನೆಮಾತು ಬರುತ್ತದೆಯೇ? ಸಹಿ ಮಾಡುವ ಮುನ್ನ ಬರೆದುಕೊಂಡದ್ದನ್ನು ಆಕೆಯ ಭಾಷೆಯಲ್ಲಿ ಓದಿ ಹೇಳಿದರೇ? ನಾಲ್ಕು ಭಾಷೆ ಒಂದೇ ಬೈಲಿನಲ್ಲಿ ಹರಿಯುವ ನಮ್ಮ ನಾಡಿನಲ್ಲಿ ಒಂದು ಕ್ರಿಯಾಪದ ತಪ್ಪಿದರೆ ಮೊಕದ್ದಮೆಯೇ ತಪ್ಪುತ್ತದೆ.

ದೌರ್ಜನ್ಯ, ಶೋಷಣೆ ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ಗೊತ್ತಾದ ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ 2016ರ ಕಾಯ್ದೆಯ 7ನೆಯ ಸೆಕ್ಷನ್ ಪ್ರಕಾರ ತಿಳಿಸಬಹುದು. ಎಲ್ಲರ ಕಣ್ಣೆದುರು ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಅದೇ ಕಾಯ್ದೆಯ 92ನೆಯ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಇನ್ನೊಂದು ವಿಷಯವನ್ನು ಅಮ್ಮಂದಿರಿಗೆ ಪ್ರೀತಿಯಿಂದಲೇ ಹೇಳಬೇಕಾಗುತ್ತದೆ: ಮಗಳ ಮುಟ್ಟಿನ ಕಷ್ಟಕ್ಕೋ ಭಯಕ್ಕೋ ಗರ್ಭಕೋಶ ತೆಗೆಸುವ ಸಲಹೆ ಯಾರೇ ಕೊಟ್ಟರೂ, ಸ್ವಂತ ಮತ್ತು ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಯಾವುದೇ ವೈದ್ಯಕೀಯ ಕ್ರಮಕ್ಕೆ ಅವಳನ್ನು ಒಳಪಡಿಸುವಂತಿಲ್ಲ. ದೌರ್ಜನ್ಯದ ಭಯ ನಿಜವಾದದ್ದು, ಆದರೆ ಆ ಶಸ್ತ್ರಚಿಕಿತ್ಸೆ ದೌರ್ಜನ್ಯವನ್ನು ತಡೆಯುವುದಿಲ್ಲ.

ಮತದಾರರ ಪಟ್ಟಿಯಿಂದ ಗ್ರಾಮಸಭೆಗೆ

ಒಬ್ಬೊಬ್ಬರೇ ಅಲೆದು ದಣಿಯುವ ಬದಲು ಗ್ರಾಮಸಭೆಯನ್ನು ಹಿಡಿಯಿರಿ. ಕೇರಳದಲ್ಲಿ ವಾರ್ಡಿನ ಮತದಾರರ ಪಟ್ಟಿಯಲ್ಲಿರುವವರೆಲ್ಲರೂ ಗ್ರಾಮಸಭೆಯ ಸದಸ್ಯರು, ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ನಮ್ಮ ಮನೆಗಳಲ್ಲಿ ಬೌದ್ಧಿಕ ವೈಕಲ್ಯ ಇರುವವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸದಿರುವುದೇ ರೂಢಿ, ‘ಅವನಿಗೆ ಓಟು ಏಕೆ’ ಎಂಬ ಪ್ರಶ್ನೆಯೊಡನೆ ಅದು ಮುಗಿದುಹೋಗುತ್ತದೆ. ಸಕ್ಷಮ ನ್ಯಾಯಾಲಯವೊಂದು ಅಸ್ವಸ್ಥಚಿತ್ತರೆಂದು ಘೋಷಿಸಿದ ಹೊರತು 18 ತುಂಬಿದ ಯಾರ ಹೆಸರನ್ನೂ ಆ ಕಾರಣಕ್ಕಾಗಿ ಬಿಡಲು 1950ರ ಜನಪ್ರಾತಿನಿಧ್ಯ ಕಾಯ್ದೆಯಲ್ಲಿ ಅವಕಾಶವಿಲ್ಲ. ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸಿದ್ದರೂ ಅದು ನ್ಯಾಯಾಲಯದ ಅಂಥ ಘೋಷಣೆಯಾಗುವುದಿಲ್ಲ.

ಬಡತನ ನಿವಾರಣೆಯ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ವೈಕಲ್ಯ ಇರುವವರಿಗೆ ಶೇಕಡಾ 5 ಮೀಸಲಾತಿ ಇರಬೇಕೆಂದು 2016ರ ಕಾಯ್ದೆಯ 37ನೆಯ ಸೆಕ್ಷನ್ ಹೇಳುತ್ತದೆ. ಗ್ರಾಮಸಭೆಗೆ ಮೊದಲೇ ಮಾಹಿತಿ ಹಕ್ಕಿನಡಿ ಪಂಚಾಯತಿನಿಂದ ಕಳೆದ ವರ್ಷ ಅದು ಎಷ್ಟಾಗಿ, ಯಾವುದಕ್ಕೆ ಖರ್ಚಾಯಿತೆಂಬ ಪ್ರತಿ ತರಿಸಿಕೊಳ್ಳಿ. ಸಭೆಗೆ ನಿಮ್ಮವರನ್ನು ಕರೆದೊಯ್ಯುವುದಾದರೆ ಹಿಂದಿನ ದಿನ ಆ ಖಾಲಿ ಸಭಾಂಗಣವನ್ನು ಅವರಿಗೊಮ್ಮೆ ತೋರಿಸಿರಿ, ಬಾಗಿಲ ಹತ್ತಿರದ ಕುರ್ಚಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ, ಗದ್ದಲ ಹೆಚ್ಚಾದರೆ ಹೊರಗೆ ಕರೆದೊಯ್ಯಲು ಇನ್ನೊಬ್ಬರು ಜೊತೆಗಿರಲಿ. ಹೇಳಬೇಕಾದ ವಿಷಯ ಒಂದೇ ಇರಲಿ, ಅದನ್ನು ಅವರೇ ಆರಿಸಲಿ. ಚಿತ್ರ ತೋರಿಸಿ ಹೇಳಿದರೂ ಅದು ಹೇಳಿದಂತೆಯೇ.

ತಮ್ಮನು ಮೊದಲ ಸಲ ಹೋದಾಗ ಬಸ್ಸು ತಂಗುದಾಣದ ಚಿತ್ರ ಒಯ್ದಿದ್ದ, ಏಕೆಂದರೆ ಮಳೆಗಾಲದಲ್ಲಿ ಬಡ್ಸ್ ವಾಹನಕ್ಕಾಗಿ ಅವನು ನೆನೆಯುತ್ತ ನಿಲ್ಲುವ ಜಾಗದಲ್ಲಿ ಸೂರಿಲ್ಲ. ಚಿತ್ರವನ್ನು ಎತ್ತಿ ಹಿಡಿದು ‘ಬರ್ಸ ಬೊಡ್ಚಿ’ (ಮಳೆ ಬೇಡ) ಎಂದ. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ನೋಡಿದರೆ ಅಲ್ಲಿ ನನ್ನ ಹೆಸರಿನಲ್ಲಿ ‘ತಂಗುದಾಣಕ್ಕೆ ಬೇಡಿಕೆ’ ಎಂದು ಬರೆದಿತ್ತು. ಸಹಿಯಾಗುವ ಮುನ್ನ ಅದನ್ನು ಓದಿ, ಬೇಡಿಕೆ ಇಟ್ಟವರ ಜಾಗದಲ್ಲಿ ಅವನ ಹೆಸರನ್ನೇ ಬರೆಯಬೇಕೆಂದು ಕೇಳಿ ತಿದ್ದಿಸಿದೆವು. ನೀವೂ ಪುಸ್ತಕ ಮುಚ್ಚುವ ಮೊದಲು ಆ ಸಾಲನ್ನು ನೋಡಿಯೇ ಮನೆಗೆ ಹೊರಡಿ.